ನೊರೆ ಕಟ್ಟುವ ಹುಳಿ ಕಾಕ್‌ಟೇಲ್ ಮನೆಯಲ್ಲೇ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಲಾಸಿನ ಮೇಲೆ ಬೆರಳಗಲದ ಬಿಳಿ ನೊರೆ, ಅದರ ಕೆಳಗೆ ತಣ್ಣಗಿನ ಹುಳಿ-ಸಿಹಿ ಪಾನೀಯ. ನೋಡಿದರೆ ಇದು ಬಾರ್‌ನಲ್ಲೇ ಆಗಬೇಕಾದ ಕೆಲಸ ಅನ್ನಿಸುತ್ತದೆ. ಹಾಗೇನಿಲ್ಲ. ಈ ನೊರೆಗೆ ದುಬಾರಿ ಬಾಟಲಿ ಬೇಕಿಲ್ಲ, ತೋಳಿನಲ್ಲಿ ಒಂಚೂರು ಶಕ್ತಿ ಇರಬೇಕು, ಯಾವುದರ ನಂತರ ಯಾವುದು ಅನ್ನುವುದು ಗೊತ್ತಿರಬೇಕು. ತುಂಬಾ ದಿನಗಳಿಂದ ಮನೆಯಲ್ಲಿ ಇದನ್ನು ಮಾಡುತ್ತಾ ಬಂದಿದ್ದೇನೆ. ಸ್ನೇಹಿತರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಾನೂನು ಹೇಳುವ ವಯಸ್ಸು ದಾಟಿದವರಿಗಾಗಿ ಇದು. ಮದ್ಯ ಬೇಡದವರಿಗೂ ಕೆಳಗೆ ಒಂದು ದಾರಿ ಇದೆ.

ಸವರ್ ಅಂದರೆ ಏನು?

ಮದ್ಯ, ಹುಳಿ, ಸಿಹಿ. ಈ ಮೂರು ಸೇರಿದರೆ ಸವರ್. ಹುಳಿ ನಿಂಬೆಯದು, ಸಿಹಿ ಸಕ್ಕರೆಯದು. ಮದ್ಯ ಬದಲಾದಂತೆ ಹೆಸರೂ ಬದಲಾಗುತ್ತದೆ. ವಿಸ್ಕಿ ಹಾಕಿದರೆ ವಿಸ್ಕಿ ಸವರ್, ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಪಿಸ್ಕೊ ಹಾಕಿದರೆ ಪಿಸ್ಕೊ ಸವರ್. ಅಮೆರಿಕದ ಬಾರ್ಟೆಂಡರ್ ಜೆರಿ ಥಾಮಸ್ 1862ರಲ್ಲಿ ಅಚ್ಚು ಹಾಕಿಸಿದ ಕೈಪಿಡಿಯಲ್ಲೇ ಸವರ್‌ಗಳಿವೆ. ನೊರೆಯ ಮಾತು ಬಂದಾಗ ಪೆರುವಿನ ಲಿಮಾ ನಗರವನ್ನು ನೆನೆಯಲೇಬೇಕು. ಅಲ್ಲಿ ವಿಕ್ಟರ್ ಮಾರಿಸ್ ಎಂಬ ಅಮೆರಿಕನ್ 1916ರಲ್ಲಿ ತೆರೆದ ಬಾರ್‌ನಿಂದ ಪಿಸ್ಕೊ ಸವರ್ ಹೆಸರು ಮಾಡಿತು. 1920ರ ದಶಕದಲ್ಲಿ ಅಲ್ಲಿ ಕೆಲಸಕ್ಕಿದ್ದ ಮಾರಿಯೊ ಬ್ರೂಯಿಜೆಟ್ ಅದಕ್ಕೆ ಮೊಟ್ಟೆಯ ಬಿಳಿ ಸೇರಿಸಿದರು ಎಂದು ಹೇಳುತ್ತಾರೆ.

ಒಂದು ಗ್ಲಾಸಿಗೆ ಅಳತೆ ಎಷ್ಟು?

ಮದ್ಯ 60 ಮಿಲಿ, ನಿಂಬೆರಸ 25 ಮಿಲಿ, ಸಕ್ಕರೆ ಪಾಕ 20 ಮಿಲಿ, ಮೊಟ್ಟೆಯ ಬಿಳಿ 20 ಮಿಲಿ. ನಾನು ಶುರು ಮಾಡುವುದು ಇಲ್ಲಿಂದ.

ಒಂದು ಮೊಟ್ಟೆಯಲ್ಲಿ ಸುಮಾರು 30 ಮಿಲಿ ಬಿಳಿ ಇರುತ್ತದೆ. ಪೂರ್ತಿ ಹಾಕಿ ಅನ್ನುವವರೇ ಜಾಸ್ತಿ. ನನಗೆ ಅದು ಹೆಚ್ಚಾಯಿತು ಅನ್ನಿಸುತ್ತದೆ. ನೊರೆ ದಪ್ಪಗೆ ಬರುತ್ತದೆ ನಿಜ, ಆದರೆ ನಿಂಬೆಯ ಚುರುಕು ಮಂಕಾಗುತ್ತದೆ. ಎರಡು ಗ್ಲಾಸಿಗೆ ಒಂದು ದೊಡ್ಡ ಮೊಟ್ಟೆ ಹಂಚಿದರೂ ಒಳ್ಳೆಯ ನೊರೆಯೇ ಸಿಗುತ್ತದೆ.

ಪಾಕ ಅಂದಾಗ ಎಳೆ ಬರುವ ಪಾಕ ಬೇಡ. 100 ಗ್ರಾಂ ಸಕ್ಕರೆ, 100 ಗ್ರಾಂ ಬಿಸಿ ನೀರು. ಕರಗುವ ತನಕ ಕಲಕಿ, ಆರಿಸಿ, ಅಷ್ಟೇ. ಫ್ರಿಜ್‌ನಲ್ಲಿ ಎರಡು ಮೂರು ವಾರ ಇರುತ್ತದೆ. ಪಾಕ ಮಾಡಲು ಪುರುಸೊತ್ತಿಲ್ಲವಾ? ಎರಡು ಚಿಕ್ಕ ಚಮಚ ಸಕ್ಕರೆಯನ್ನು ಮೊದಲು ನಿಂಬೆರಸದಲ್ಲಿ ಪೂರ್ತಿ ಕರಗಿಸಿ, ಆಮೇಲೆ ಮದ್ಯ ಹಾಕಿ. ನೇರವಾಗಿ ಮದ್ಯಕ್ಕೆ ಸುರಿದರೆ ಸಕ್ಕರೆ ಸರಿಯಾಗಿ ಕರಗದೆ ತಳದಲ್ಲಿ ಕೂರುತ್ತದೆ.

ಇನ್ನೊಂದು ಮಾತು. ಯಾವ ಎರಡು ನಿಂಬೆಯೂ ಒಂದೇ ರುಚಿ ಇರುವುದಿಲ್ಲ. ಆದ್ದರಿಂದ ಮೊಟ್ಟೆ ಹಾಕುವ ಮೊದಲು ಮದ್ಯ, ರಸ, ಪಾಕ ಮೂರನ್ನೂ ಕಲಕಿ ಚಮಚದ ತುದಿಯಲ್ಲಿ ಒಂದು ಹನಿ ನಾಲಿಗೆಗೆ ಇಟ್ಟು ನೋಡಿ. ಆ ಹನಿ ಸ್ವಲ್ಪ ಜೋರಾಗಿಯೇ ಇರಬೇಕು. ಹುಳಿಯೂ ಜೋರು, ಸಿಹಿಯೂ ಜೋರು. ಮುಂದೆ ಐಸ್ ನೀರು ಸೇರಿ ಎಲ್ಲವೂ ಮೆತ್ತಗಾಗುತ್ತದೆ.

ಈ ನೊರೆ ಬರುವುದು ಹೇಗೆ?

ಮೊಟ್ಟೆಯ ಬಿಳಿಯಲ್ಲಿ ಹತ್ತಿರ ಹತ್ತಿರ 90 ಭಾಗ ನೀರು, 10 ಭಾಗ ಪ್ರೋಟೀನ್. ಆ ಪ್ರೋಟೀನ್‌ಗಳು ದಾರದ ಉಂಡೆಗಳ ಹಾಗೆ ಸುತ್ತಿಕೊಂಡಿರುತ್ತವೆ. ಜೋರಾಗಿ ಕುಲುಕಿದಾಗ ಉಂಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ದಾರದ ಒಂದೊಂದು ಭಾಗಕ್ಕೆ ನೀರು ಇಷ್ಟ, ಇನ್ನೊಂದು ಭಾಗಕ್ಕೆ ನೀರು ಆಗದು. ಹಾಗಾಗಿ ಅವು ಗಾಳಿ ಮತ್ತು ನೀರು ಸೇರುವ ಗಡಿಗೆ ಹೋಗಿ ನಿಲ್ಲುತ್ತವೆ, ಒಂದಕ್ಕೊಂದು ಕೈ ಹಿಡಿದು ಪ್ರತಿ ಗುಳ್ಳೆಯ ಸುತ್ತ ತೆಳುವಾದ ಪೊರೆ ಕಟ್ಟುತ್ತವೆ. ಗುಳ್ಳೆ ಒಡೆಯದೆ ನಿಲ್ಲುವುದು ಈ ಪೊರೆಯಿಂದ.

ಉಳಿದ ಸಾಮಾನುಗಳೂ ಸುಮ್ನೆ ಕೂತಿರುವುದಿಲ್ಲ. ನಿಂಬೆಯ ಹುಳಿ ಆ ಪೊರೆಯನ್ನು ಗಟ್ಟಿ ಮಾಡುತ್ತದೆ. ಸಕ್ಕರೆ ದ್ರವವನ್ನು ಮಂದ ಮಾಡುವುದರಿಂದ ನೊರೆಯಿಂದ ನೀರು ಬೇಗ ಇಳಿದುಹೋಗುವುದಿಲ್ಲ. ಶತ್ರು ಒಂದೇ, ಜಿಡ್ಡು. ಹಳದಿಯ ಒಂದು ಚೂರು ಬಿದ್ದರೂ, ಶೇಕರ್‌ನಲ್ಲಿ ಎಣ್ಣೆಯ ಪಸೆ ಇದ್ದರೂ ನೊರೆ ಸೊರಗುತ್ತದೆ.

ನೊರೆ ಬರೀ ಚಂದಕ್ಕೆ ಅಂದುಕೊಂಡವರು ಒಮ್ಮೆ ಪಕ್ಕಪಕ್ಕದಲ್ಲಿ ಎರಡು ಗ್ಲಾಸ್ ಮಾಡಿ ಕುಡಿದು ನೋಡಬೇಕು. ಮೊಟ್ಟೆ ಇಲ್ಲದ್ದು ತೆಳ್ಳಗೆ, ಚೂಪಾಗಿ ಇರುತ್ತದೆ. ಮೊಟ್ಟೆ ಇರುವುದರಲ್ಲಿ ಅದೇ ಹುಳಿ, ಅದೇ ಮದ್ಯದ ಘಾಟು ರೇಷ್ಮೆ ಹೊದ್ದ ಹಾಗೆ ಒಳಗೆ ಇಳಿಯುತ್ತದೆ. ನನಗೆ ಸವರ್ ಮೇಲೆ ಪ್ರೀತಿ ಹುಟ್ಟಿದ್ದು ಆ ವ್ಯತ್ಯಾಸ ತಿಳಿದ ದಿನ.

ಮೊದಲು ಐಸ್ ಇಲ್ಲದೆ ಕುಲುಕಬೇಕು ಅನ್ನುತ್ತಾರಲ್ಲ, ಯಾಕೆ?

ಇದನ್ನು ಡ್ರೈ ಶೇಕ್ ಅನ್ನುತ್ತಾರೆ. ತಣ್ಣಗಾದಷ್ಟೂ ಪ್ರೋಟೀನ್ ಬಿಚ್ಚಿಕೊಳ್ಳಲು ಸತಾಯಿಸುತ್ತದೆ. ಕೋಣೆಯ ಬಿಸಿಯಲ್ಲಿ ಅದೇ ಕೆಲಸ ಸಲೀಸು. ಜೊತೆಗೆ, ಐಸ್ ಹಾಕಿಕೊಂಡು ನೊರೆ ಬರುವ ತನಕ ಕುಲುಕುತ್ತಾ ಹೋದರೆ ಅಷ್ಟರಲ್ಲಿ ಐಸ್ ಕರಗಿ ಪಾನೀಯ ನೀರುನೀರಾಗಿರುತ್ತದೆ. ಅದಕ್ಕೇ ಎರಡು ಕೆಲಸಗಳನ್ನು ಬೇರೆ ಮಾಡುವುದು. ಮೊದಲ ಸಲ ನೊರೆಗಾಗಿ, ಎರಡನೆಯ ಸಲ ತಂಪಿಗಾಗಿ.

ಹಾಗಾದರೆ ಶುರುವಿನಿಂದ ಕೊನೆಯ ತನಕ ಹೇಗೆ ಮಾಡುವುದು?

ಗ್ಲಾಸನ್ನು ಫ್ರೀಜರ್‌ಗೆ ಇಡಿ. ಕಾಲಿರುವ, ಅಗಲ ಬಾಯಿಯ ಗ್ಲಾಸ್ ಆದರೆ ನೊರೆ ಚೆನ್ನಾಗಿ ಕೂರುತ್ತದೆ. ಮೊಟ್ಟೆಯನ್ನು ಬೇರೆ ಬಟ್ಟಲಿಗೆ ಒಡೆಯಿರಿ, ನೇರ ಶೇಕರ್‌ಗೆ ಬೇಡ. ಹಳದಿ ಒಡೆದರೆ ಒಂದು ಮೊಟ್ಟೆ ಮಾತ್ರ ಹೋಗುತ್ತದೆ, ಮದ್ಯ ಉಳಿಯುತ್ತದೆ.

ಮದ್ಯ, ರಸ, ಪಾಕ ಶೇಕರ್‌ಗೆ ಹಾಕಿ ರುಚಿ ನೋಡಿ. ಕೊನೆಗೆ ಬಿಳಿ ಸುರಿಯಿರಿ. ಸುರಿದ ಮೇಲೆ ಫೋನ್ ಬಂದರೂ ತೆಗೆಯಬೇಡಿ. ಹುಳಿ ಮತ್ತು ಮದ್ಯದಲ್ಲಿ ಸುಮ್ಮನೆ ಬಿಟ್ಟ ಬಿಳಿ ಬೆಂದ ಹಾಗೆ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ.

ಈಗ ಮುಚ್ಚಳ. ಇಲ್ಲಿ ಎಚ್ಚರ ಬೇಕು. ಐಸ್ ಇದ್ದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಮುಚ್ಚಳವನ್ನು ಅದೇ ಎಳೆದು ಹಿಡಿದಿರುತ್ತದೆ. ಡ್ರೈ ಶೇಕ್‌ನಲ್ಲಿ ಆ ಹಿಡಿತ ಇರುವುದಿಲ್ಲ. ನನ್ನ ಮೊದಲ ಪ್ರಯತ್ನದಲ್ಲಿ ಐದನೇ ಕುಲುಕಿಗೇ ಮುಚ್ಚಳ ಹಾರಿತು. ಅಡುಗೆಮನೆಯ ಗೋಡೆ, ಒಲೆ, ನನ್ನ ಅಂಗಿ ಎಲ್ಲಾ ಅಂಟು. ಒರೆಸಿ ಮುಗಿಸಲು ಅರ್ಧ ಗಂಟೆ ಬೇಕಾಯಿತು. ಅಂದಿನಿಂದ ಶೇಕರ್‌ಗೆ ಒಂದು ಬಟ್ಟೆ ಸುತ್ತಿ, ಎರಡೂ ಕೈಯಲ್ಲಿ ಒತ್ತಿ ಹಿಡಿದೇ ಕುಲುಕುತ್ತೇನೆ.

20 ಸೆಕೆಂಡ್ ಜೋರಾಗಿ ಕುಲುಕಿ. ಸದ್ದು ಕೇಳಿಸಿಕೊಳ್ಳಿ. ಶುರುವಿನಲ್ಲಿ ಚಳಕ್ ಚಳಕ್ ಅನ್ನುವ ನೀರಿನ ಸದ್ದು. ಹೋಗ್ತಾ ಹೋಗ್ತಾ ಅದು ದಪ್ಪಗಾಗಿ, ಬಟ್ಟೆಯೊಳಗೆ ಮಾತಾಡಿದ ಹಾಗೆ ಮಂದವಾಗುತ್ತದೆ. ಆ ಬದಲಾವಣೆ ಬಂತು ಅಂದರೆ ನೊರೆ ಬಂತು ಅಂತ. ಮೆಲ್ಲಗೆ ತೆರೆದು ಐಸ್ ತುಂಬಿ. ದೊಡ್ಡ, ಗಟ್ಟಿ ತುಂಡುಗಳಿದ್ದರೆ ಒಳ್ಳೆಯದು, ಪುಡಿ ಐಸ್ ಬೇಗ ಕರಗುತ್ತದೆ. ಮತ್ತೆ 12ರಿಂದ 15 ಸೆಕೆಂಡ್. ಲೋಹದ ಶೇಕರ್‌ನ ಹೊರಮೈ ಬೆಳ್ಳಗೆ ಮಂಜುಗಟ್ಟಿ, ಹಿಡಿಯಲು ಕೈ ಕೊರೆಯುವಾಗ ನಿಲ್ಲಿಸಿ.

ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸುತ್ತಾ ಗ್ಲಾಸಿಗೆ ಬಗ್ಗಿಸಿ. ಐಸ್ ಚೂರು, ನಿಂಬೆ ತಿರುಳು, ದೊಡ್ಡ ಗುಳ್ಳೆಗಳು ಮೇಲೆಯೇ ಉಳಿಯುತ್ತವೆ. ಸುರಿದ ತಕ್ಷಣ ಇಡೀ ಗ್ಲಾಸ್ ಮಸುಕು ಕೆನೆಬಣ್ಣ. ಕೈ ಹಚ್ಚದೆ ಒಂದು ನಿಮಿಷ ನೋಡುತ್ತಾ ಇರಿ. ತಳದಿಂದ ತಿಳಿಯಾಗುತ್ತಾ ಬರುತ್ತದೆ, ನೊರೆ ಮೇಲೇರಿ ಒಂದು ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಎಷ್ಟು ಸಲ ಮಾಡಿದರೂ ಆ ನಿಮಿಷ ನನಗೆ ಹಳತಾಗಿಲ್ಲ.

ಮೊದಲು ಐಸ್ ಜೊತೆ, ಆಮೇಲೆ ಐಸ್ ಇಲ್ಲದೆ ಕುಲುಕಿದರೆ?

ಅದನ್ನು ರಿವರ್ಸ್ ಡ್ರೈ ಶೇಕ್ ಅನ್ನುತ್ತಾರೆ. ಎಲ್ಲವನ್ನೂ ಐಸ್ ಜೊತೆ ಕುಲುಕಿ, ಸೋಸಿ, ಐಸ್ ಎಸೆದು, ಮತ್ತೆ ಬರಿದೇ ಕುಲುಕುವುದು. ನೊರೆ ಜಾಸ್ತಿ ಎತ್ತರ ಬರುತ್ತದೆ, ಆದರೆ ಪಾನೀಯದ ತಂಪು ಸ್ವಲ್ಪ ಇಳಿಯುತ್ತದೆ. ನನಗೆ ತಂಪೇ ಮುಖ್ಯ. ಎರಡೂ ಮಾಡಿ ನೋಡಿ, ನಿಮಗೆ ಹಿಡಿಸಿದ್ದನ್ನು ಇಟ್ಟುಕೊಳ್ಳಿ.

ಎಷ್ಟು ಹೊತ್ತು ಕುಲುಕಿದರೆ ಅಷ್ಟು ಒಳ್ಳೆಯದಾ?

ಒಂದು ಹಂತದ ತನಕ ಮಾತ್ರ. ನ್ಯೂ ಆರ್ಲಿಯನ್ಸ್‌ನಲ್ಲಿ ಹೆನ್ರಿ ರಾಮೋಸ್ 1888ರಲ್ಲಿ ರೂಪಿಸಿದ ಜಿನ್ ಫಿಜ್ ಅನ್ನು ನಿಮಿಷಗಟ್ಟಲೆ ಕುಲುಕಬೇಕೆಂಬುದು ಹಳೆಯ ಕಟ್ಟಳೆ. ಕುಲುಕುವುದಕ್ಕೆಂದೇ ಅಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಅದರಲ್ಲಿ ಕೆನೆಯೂ ಇದೆ, ಅದರ ಲೆಕ್ಕವೇ ಬೇರೆ. ನಮ್ಮ ಸವರ್‌ಗೆ ಅರ್ಧ ನಿಮಿಷದ ಜೋರು ಕೆಲಸ ಸಾಕು. ಹೊತ್ತಿಗಿಂತ ಜೋರು ಮುಖ್ಯ. ನಿಧಾನವಾಗಿ ಎರಡು ನಿಮಿಷ ಅಲ್ಲಾಡಿಸಿದರೆ ಏನೂ ಸಿಗುವುದಿಲ್ಲ.

ಶೇಕರ್ ಇಲ್ಲ. ಏನು ಮಾಡಲಿ?

ಬಿಗಿ ಮುಚ್ಚಳದ ಗಾಜಿನ ಜಾಡಿ ಸಾಕು. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಗಾಳಿಗೆ ಜಾಗ ಬೇಕಲ್ವಾ? ಜಾಡಿಗೆ ಪ್ಲಾಸ್ಟಿಕ್‌ಗಿಂತ ಗಾಜೇ ಮೇಲು, ಪ್ಲಾಸ್ಟಿಕ್‌ಗೆ ಅಂಟಿದ ಜಿಡ್ಡು ತೊಳೆದರೂ ಸುಲಭವಾಗಿ ಹೋಗುವುದಿಲ್ಲ. ಕೈಯಲ್ಲಿ ಹಿಡಿಯುವ ಬ್ಲೆಂಡರ್ ಇದ್ದರೆ ಡ್ರೈ ಶೇಕ್ ಬದಲು ಎತ್ತರದ ಲೋಟದಲ್ಲಿ 10 ಸೆಕೆಂಡ್ ಓಡಿಸಿ, ಆಮೇಲೆ ಐಸ್ ಜೊತೆ ಕುಲುಕಿ. ಕಾಫಿಗೆ ಹಾಲು ನೊರೆ ಮಾಡುವ ಚಿಕ್ಕ ಬ್ಯಾಟರಿ ಕಡ್ಡಿಯೂ ಚೆನ್ನಾಗಿ ನಡೆಯುತ್ತದೆ. ನಿಜ ಹೇಳಬೇಕೆಂದರೆ ಈ ಯಂತ್ರಗಳ ನೊರೆ ಕೈಯ ನೊರೆಗಿಂತ ನುಣುಪು. ತೋಳು ನೋವಿರುವವರು ಯಾವ ಅಳುಕೂ ಇಲ್ಲದೆ ಬಳಸಿ.

ಹಸಿ ಮೊಟ್ಟೆ ಕುಡಿದರೆ ಅಪಾಯ ಇಲ್ಲವಾ?

ಇದೆ. ಅಪಾಯ ಚಿಕ್ಕದು, ಆದರೆ ಇದೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಚಿಪ್ಪಿನ ಹೊರಗೆ ಮಾತ್ರ ಇರುತ್ತದೆ ಅನ್ನುವ ಹಾಗಿಲ್ಲ, ಬಿರುಕು ಇಲ್ಲದ ಮೊಟ್ಟೆಯ ಒಳಗೂ ಇರಬಹುದು. ಹಾಗಾಗಿ ತೊಳೆದ ಮಾತ್ರಕ್ಕೆ ಹೋಗುವುದಿಲ್ಲ. ‘ಮದ್ಯ ಇದೆಯಲ್ಲ, ನಿಂಬೆ ಇದೆಯಲ್ಲ, ಸತ್ತುಹೋಗುತ್ತೆ’ ಅನ್ನುವ ಮಾತನ್ನು ತುಂಬಾ ಕೇಳಿದ್ದೇನೆ. ನಂಬಬೇಡಿ. ಗ್ಲಾಸಿನಲ್ಲಿರುವಷ್ಟು ಮದ್ಯ ಮತ್ತು ಹುಳಿ ಆ ಕೆಲವೇ ನಿಮಿಷಗಳಲ್ಲಿ ಅದನ್ನು ಕೊಲ್ಲುತ್ತದೆ ಅನ್ನುವ ಭರವಸೆ ಇಲ್ಲ.

ಮುದಿ ವಯಸ್ಸಿನವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೊಟ್ಟೆ ಮುಟ್ಟಬಾರದು. ಗರ್ಭಿಣಿಯರಿಗೆ ಹಸಿ ಮೊಟ್ಟೆಯೂ ಬೇಡ, ಮದ್ಯವೂ ಬೇಡ. ಉಳಿದವರಿಗೂ ನಾನು ಮೊದಲು ಹೇಳುವುದು ಪಾಶ್ಚರೀಕರಿಸಿದ ಬಿಳಿಯನ್ನೇ. ಮೊಟ್ಟೆ ಬೇಯದಷ್ಟು ಹದವಾದ ಬಿಸಿಯಲ್ಲಿ ಬ್ಯಾಕ್ಟೀರಿಯಾ ಕೊಂದು ಪೆಟ್ಟಿಗೆಯಲ್ಲಿ ತುಂಬಿ ಮಾರುವ ಬಿಳಿ ಅದು. ಅದರ ನೊರೆ ಸ್ವಲ್ಪ ಸೋಮಾರಿ, ಹೆಚ್ಚು ಹೊತ್ತು ಕುಲುಕಬೇಕು. ಮೊಟ್ಟೆಯ ಬಿಳಿಯ ಪುಡಿಯೂ ಸಿಗುತ್ತದೆ. ಎರಡು ಚಿಕ್ಕ ಚಮಚ ಪುಡಿಗೆ ಎರಡು ದೊಡ್ಡ ಚಮಚ ನೀರು ಕಲಸಿದರೆ ಒಂದು ಮೊಟ್ಟೆಯ ಬಿಳಿಗೆ ಸಮ. ಹಸಿ ಮೊಟ್ಟೆಯನ್ನೇ ಬಳಸುವುದಾದರೆ ಫ್ರಿಜ್‌ನಲ್ಲಿಟ್ಟ, ತಾಜಾ, ಬಿರುಕಿಲ್ಲದ ಮೊಟ್ಟೆ ಇರಲಿ. ನೀರಿಗೆ ಹಾಕಿದಾಗ ತಳದಲ್ಲಿ ಅಡ್ಡ ಮಲಗಿದರೆ ತಾಜಾ, ತೇಲಿದರೆ ಹಳತು. ತಾಜಾ ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಇಲ್ಲ ಅಂತ ಅರ್ಥವಲ್ಲ. ಅತಿಥಿಗಳಿಗೆ ಕೊಡುವ ಮುಂಚೆ ‘ಇದರಲ್ಲಿ ಮೊಟ್ಟೆ ಇದೆ’ ಅಂತ ಬಾಯಿಬಿಟ್ಟು ಹೇಳಿ. ಅಲರ್ಜಿ ಇರುವವರೂ ಇರುತ್ತಾರೆ, ಮೊಟ್ಟೆ ತಿನ್ನದವರೂ ಇರುತ್ತಾರೆ.

ಮೊಟ್ಟೆ ಇಲ್ಲದೆ ನೊರೆ ಬರುತ್ತದಾ?

ಚೆನ್ನಾಗಿ ಬರುತ್ತದೆ. ಕಾಬೂಲಿ ಕಡಲೆ ಬೇಯಿಸಿದ ನೀರಿನಲ್ಲಿ. ಅದಕ್ಕೆ ಅಕ್ವಾಫಾಬಾ ಅನ್ನುತ್ತಾರೆ. ಫ್ರಾನ್ಸಿನ ಜೋಯೆಲ್ ರೋಸೆಲ್ 2014ರಲ್ಲಿ ಕಾಳಿನ ನೀರು ಮೊಟ್ಟೆಯ ಬಿಳಿಯ ಹಾಗೆ ನೊರೆ ಕಟ್ಟುವುದನ್ನು ತೋರಿಸಿದರು. ಅಕ್ವಾಫಾಬಾ ಎಂಬ ಹೆಸರು ಬಂದದ್ದು 2015ರಲ್ಲಿ. ಕಾಳು ಬೇಯುವಾಗ ಅದರ ಪ್ರೋಟೀನ್, ಪಿಷ್ಟ ನೀರಿಗೆ ಇಳಿಯುತ್ತವೆ, ಆ ನೀರು ಲೋಳೆಯಾಗುತ್ತದೆ.

ಡಬ್ಬಿಯಲ್ಲಿ ಬರುವ ಕಡಲೆಯ ನೀರು ಸರಿಯಾದ ಹದದಲ್ಲಿರುತ್ತದೆ, ಉಪ್ಪಿಲ್ಲದ ಡಬ್ಬಿ ನೋಡಿ ತನ್ನಿ. ಮನೆಯಲ್ಲಿ ಬೇಯಿಸಿದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಉಪ್ಪು ಹಾಕದೆ ಬೇಯಿಸಿ. ಬಸಿದ ನೀರು ತೆಳ್ಳಗಿದ್ದರೆ ಮೊಟ್ಟೆಯ ಬಿಳಿಯಷ್ಟು ಮಂದ ಆಗುವ ತನಕ ಕುದಿಸಿ ಇಳಿಸಿ, ಪೂರ್ತಿ ಆರಿಸಿ. ಒಂದು ಗ್ಲಾಸಿಗೆ 25ರಿಂದ 30 ಮಿಲಿ. ಕಡಲೆಯ ವಾಸನೆ ಬರುತ್ತದಾ ಅಂತ ಕೇಳುತ್ತಾರೆ. ಕುಲುಕುವ ಮೊದಲು ಬರುತ್ತದೆ, ನಿಂಬೆ ಸೇರಿದ ಮೇಲೆ ನನಗಂತೂ ಗೊತ್ತಾಗುವುದಿಲ್ಲ. ನೊರೆ ಮೊಟ್ಟೆಯದಕ್ಕಿಂತ ಒಂದಿಷ್ಟು ಹಗುರ, ಅಷ್ಟೇ ವ್ಯತ್ಯಾಸ.

ಅನಾನಸ್ ರಸಕ್ಕೂ ತಾನಾಗಿಯೇ ನೊರೆ ಕಟ್ಟುವ ಗುಣ ಇದೆ. 20 ಮಿಲಿ ಸೇರಿಸಿ, ಪಾಕ ಸ್ವಲ್ಪ ಕಡಿಮೆ ಮಾಡಿ. ಅದು ಬೇಗ ಇಳಿಯುತ್ತದೆ, ಕೂಡಲೇ ಕುಡಿಯಬೇಕು.

ನೊರೆಯಿಂದ ಹಸಿ ಮೊಟ್ಟೆ ವಾಸನೆ ಬರುತ್ತಿದೆ.

ಮೊಟ್ಟೆ ಹಳೆಯದಿರಬೇಕು, ಇಲ್ಲವೇ ಬಿಳಿ ಜಾಸ್ತಿ ಆಗಿರಬೇಕು. ತಾಜಾ ಮೊಟ್ಟೆಯಲ್ಲೂ ಒಂದಿಷ್ಟು ಒದ್ದೆ ವಾಸನೆ ಇದ್ದೇ ಇರುತ್ತದೆ, ಕೆಲವು ಮೂಗುಗಳಿಗೆ ಬೇಗ ತಿಳಿಯುತ್ತದೆ. ಅದಕ್ಕೇ ನೊರೆಯ ಮೇಲೆ ಮೂರು ಹನಿ ಬಿಟರ್ಸ್, ಅಂದರೆ ಮಸಾಲೆಗಳನ್ನು ಮದ್ಯದಲ್ಲಿ ನೆನೆಸಿ ತೆಗೆದ ಕಹಿ ಸಾರ, ಹಾಕುವುದು. ಮೂಗು ಗ್ಲಾಸಿನ ಹತ್ತಿರ ಬಂದಾಗ ಮೊದಲು ಮಸಾಲೆಯ ಪರಿಮಳ ಸಿಗುತ್ತದೆ. ಅಂಗೋಸ್ಟುರಾ ಬಿಟರ್ಸ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಿಟರ್ಸ್ ಇಲ್ಲದಿದ್ದರೆ ಹಳದಿ ನಿಂಬೆಯ ಸಿಪ್ಪೆಯ ಒಂದು ಚೂರನ್ನು ನೊರೆಯ ಮೇಲೆ ಹಿಡಿದು ಬೆರಳಲ್ಲಿ ಹಿಂಡಿ, ಸಿಪ್ಪೆಯ ಎಣ್ಣೆ ಮಂಜಿನಂತೆ ಸಿಡಿಯುತ್ತದೆ. ಜಿಡ್ಡು ನೊರೆಗೆ ಆಗದು ಅಂದೆನಲ್ಲ, ನಿಜ. ಆದರೆ ಇಷ್ಟು ಸಣ್ಣ ಸಿಂಚನ, ಅದೂ ಕಟ್ಟಿ ನಿಂತ ನೊರೆಯ ಮೇಲೆ, ಏನೂ ಕೆಡಿಸುವುದಿಲ್ಲ.

ದೊಡ್ಡ ಹಳದಿ ನಿಂಬೆಯಾ, ಸಣ್ಣ ಹಸಿರು ನಿಂಬೆಯಾ?

ವಿಸ್ಕಿ, ಜಿನ್, ಬ್ರಾಂಡಿಗೆ ಹಳದಿ. ರಮ್, ಟಕೀಲಾ, ಪಿಸ್ಕೊಗೆ ಹಸಿರು. ಎರಡರ ಹುಳಿಯೂ ಹತ್ತಿರ ಹತ್ತಿರ ಒಂದೇ, 100 ಮಿಲಿಗೆ 6 ಗ್ರಾಂ ಆಸುಪಾಸು ಆಮ್ಲ. ಹಸಿರು ನಿಂಬೆಗೆ ಒಂದು ಒಗರು ಅಂಚು ಇರುತ್ತದೆ. ಸಿಕ್ಕಿದ್ದನ್ನು ಬಳಸಿದರೂ ತಪ್ಪಿಲ್ಲ. ಕಿತ್ತಳೆ ರಸ ಮಾತ್ರ ಒಂಟಿಯಾಗಿ ನಡೆಯದು, ಅದರ ಹುಳಿ ತುಂಬಾ ಕಡಿಮೆ. ಬೇಕಾದರೆ ನಿಂಬೆಯ ಜೊತೆ 15 ಮಿಲಿ ಸೇರಿಸಿ.

ಬಾಟಲಿ ರಸದ ಬಗ್ಗೆ ನನ್ನದು ಒಂದೇ ಮಾತು, ಬೇಡ. ನಾಲ್ಕೇ ಸಾಮಾನು ಇರುವ ಪಾನೀಯದಲ್ಲಿ ಒಂದು ಸತ್ತಿದ್ದರೆ ನಾಲಿಗೆಗೆ ತಕ್ಷಣ ತಿಳಿಯುತ್ತದೆ. ಅದೇ ದಿನ ಹಿಂಡಿದ ರಸ ಇರಲಿ.

ನೊರೆ ಬಂದರೂ ಬೇಗ ಇಳಿದುಹೋಗುತ್ತದೆ, ಯಾಕೆ?

ಗುಳ್ಳೆ ನೋಡಿ. ದೊಡ್ಡ ದೊಡ್ಡ ಗುಳ್ಳೆ ಇದ್ದರೆ ಕುಲುಕಿದ್ದು ಸಾಲದು. ಸೋಪು ನೀರಿನ ಹಾಗೆ ಕಂಡರೆ ಎಲ್ಲೋ ಜಿಡ್ಡು ಸೇರಿದೆ, ಶೇಕರನ್ನು ಬಿಸಿ ನೀರಲ್ಲಿ ತೊಳೆದು ನೋಡಿ. ಸಕ್ಕರೆ ತೀರಾ ಕಡಿಮೆ ಮಾಡಿದ್ದರೂ ಹೀಗಾಗುತ್ತದೆ. ಇನ್ನು ಕೆಲವರು ಕುಲುಕಿ ಮುಗಿಸಿ, ಶೇಕರನ್ನು ಮೇಜಿನ ಮೇಲಿಟ್ಟು ಗ್ಲಾಸ್ ಹುಡುಕಲು ಹೋಗುತ್ತಾರೆ. ಅಷ್ಟರಲ್ಲಿ ನೊರೆ ಶೇಕರ್‌ನಲ್ಲೇ ಮೇಲೇರಿ ಅಲ್ಲೇ ಅಂಟಿ ಉಳಿಯುತ್ತದೆ. ಕುಲುಕಿದ ಕೂಡಲೇ ಸುರಿಯಿರಿ, ಕೊನೆಯ ನೊರೆಯನ್ನು ಶೇಕರ್ ತಟ್ಟಿ ಇಳಿಸಿ.

ರುಚಿ ಸಪ್ಪೆ ಅನ್ನಿಸುತ್ತಿದೆ.

ಒಂದು ಚಿಟಿಕೆ ಉಪ್ಪು. ಒಂದು ಚಿಟಿಕೆಗಿಂತ ಕಡಿಮೆ. ಹುಳಿ-ಸಿಹಿ ಎರಡೂ ಎದ್ದು ನಿಲ್ಲುತ್ತವೆ.

ಯಾವ ಮದ್ಯ ಒಳ್ಳೆಯದು?

ಮೊದಲ ಸಲ ಮಾಡುವವರಿಗೆ ಬರ್ಬನ್ ವಿಸ್ಕಿ ಹೇಳುತ್ತೇನೆ. ಅದರ ವೆನಿಲಾ, ಓಕ್ ಮರದ ರುಚಿ ನಿಂಬೆಯ ಜೊತೆ ಬೇಗ ಹೊಂದುತ್ತದೆ. ಮಧ್ಯಮ ದರ್ಜೆಯ ಬಾಟಲಿ ಸಾಕು, ಹೊಗೆ ವಾಸನೆಯ ವಿಸ್ಕಿ ಮೊದಲಿಗೆ ಬೇಡ. ಸಿಹಿ ಲಿಕರ್‌ನಿಂದ ಮಾಡುವುದಾದರೆ, ಉದಾಹರಣೆಗೆ ಅಮರೆತ್ತೊ, ಪಾಕವನ್ನು 5 ಮಿಲಿಗೆ ಇಳಿಸಿ. ಜಿನ್ 40 ಮಿಲಿ, ಕಿತ್ತಳೆ ಲಿಕರ್ 20 ಮಿಲಿ, ನಿಂಬೆ 20 ಮಿಲಿ, ಮೊಟ್ಟೆಯ ಬಿಳಿ. ಇದು ವೈಟ್ ಲೇಡಿ, ಪಾಕವೇ ಬೇಡ.

ಮದ್ಯ ಇಲ್ಲದೆ?

ಗಟ್ಟಿಯಾಗಿ ಕುದಿಸಿ ಆರಿಸಿದ ಹಾಲಿಲ್ಲದ ಚಹಾ 60 ಮಿಲಿ. ಚಹಾದ ಒಗರು ಮದ್ಯದ ಜಾಗವನ್ನು ಚೆನ್ನಾಗಿಯೇ ತುಂಬುತ್ತದೆ. ಉಳಿದದ್ದೆಲ್ಲ ಅದೇ ಅಳತೆ, ಅದೇ ಕ್ರಮ. ಬಿಟರ್ಸ್‌ನಲ್ಲಿ ಮದ್ಯ ಇರುತ್ತದೆ, ಅದನ್ನು ಬಿಟ್ಟು ಸಿಪ್ಪೆ ಹಿಂಡಿ.

ಹತ್ತು ಜನ ಬರುತ್ತಾರೆ, ಮೊದಲೇ ಮಾಡಿಡಬಹುದಾ?

ಮದ್ಯ ಮತ್ತು ಪಾಕ ಬೆರೆಸಿ ಬಾಟಲಿಯಲ್ಲಿಡಿ. ನಿಂಬೆ ಹಿಂಡುವುದು ಅವರು ಬರುವ ಒಂದೆರಡು ಗಂಟೆ ಮೊದಲು. ಮೊಟ್ಟೆ ಮಾತ್ರ ಕುಲುಕುವ ಹೊತ್ತಿಗೆ. ಒಂದು ಸಲಕ್ಕೆ ಎರಡೇ ಗ್ಲಾಸ್ ಮಾಡಿ, ಶೇಕರ್ ತುಂಬಿದರೆ ಗಾಳಿ ಸೇರುವುದಿಲ್ಲ.

ಕುಡಿಯಲು ಹಗುರ ಅನ್ನಿಸುತ್ತದೆ. ನಿಜಕ್ಕೂ ಹಗುರವಾ?

ಅಲ್ಲ. 40 ಶೇಕಡಾದ ಮದ್ಯ 60 ಮಿಲಿ ಅಂದರೆ ಸುಮಾರು 19 ಗ್ರಾಂ ಶುದ್ಧ ಆಲ್ಕೋಹಾಲ್. 10 ಗ್ರಾಂ ಒಂದು ಪ್ರಮಾಣ ಎಂದು ಲೆಕ್ಕ ಹಾಕುವ ದೇಶಗಳಲ್ಲಿ ಇದೊಂದೇ ಗ್ಲಾಸ್ ಎರಡಕ್ಕೆ ಸಮ. ಕರಗಿದ ಐಸ್ ಸೇರಿದ ಮೇಲೂ 15 ಶೇಕಡಾ ಹತ್ತಿರ ಇರುತ್ತದೆ, ವೈನ್‌ಗಿಂತ ಒಂದು ಕೈ ಮೇಲೆ. ನೊರೆ ಘಾಟನ್ನು ಮುಚ್ಚುತ್ತದೆ, ಆಲ್ಕೋಹಾಲನ್ನು ಕಡಿಮೆ ಮಾಡುವುದಿಲ್ಲ. ಕುಡಿದ ಮೇಲೆ ಗಾಡಿ ಮುಟ್ಟಬೇಡಿ.

ನೊರೆಯ ಮೇಲಿನ ಆ ಚಿತ್ತಾರ ಹೇಗೆ ಬಿಡಿಸುತ್ತಾರೆ?

ನೊರೆ ಗಟ್ಟಿಯಾಗಿ ನಿಂತ ಮೇಲೆ ಬಿಟರ್ಸ್‌ನ ಮೂರು ಹನಿಗಳನ್ನು ಸಾಲಾಗಿ ಬಿಡಿ. ಕಂದು ಚುಕ್ಕೆಗಳು ಬಿಳಿಯ ಮೇಲೆ ಮೆಲ್ಲಗೆ ಅಗಲವಾಗುತ್ತವೆ. ಹಲ್ಲುಕಡ್ಡಿಯ ತುದಿಯನ್ನು ಮೊದಲ ಹನಿಯ ನಡುವೆ ಇಟ್ಟು ಮೂರನೆಯದರ ಆಚೆ ತನಕ ಒಂದೇ ಎಳೆತಕ್ಕೆ ಎಳೆಯಿರಿ. ಪ್ರತಿ ಚುಕ್ಕೆಯೂ ಒಂದು ಪುಟ್ಟ ಹೃದಯವಾಗುತ್ತದೆ. ಕೈ ನಡುಗಿದರೆ ಎಲೆಯಾಗುತ್ತದೆ, ಅದೂ ಚಂದವೇ.

ಉಳಿದ ಹಳದಿ ಏನು ಮಾಡಲಿ?

ಚಿಕ್ಕ ಬಟ್ಟಲಲ್ಲಿ ಹಾಕಿ, ಒಣಗದ ಹಾಗೆ ಮೇಲೆ ಒಂದು ಚಮಚ ತಣ್ಣೀರು ಹನಿಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಎರಡು ದಿನದೊಳಗೆ ಚೆನ್ನಾಗಿ ಬೇಯಿಸಿ ತಿನ್ನಿ.